ಚೀಟಿ ಮಡಚಿದವರು ಯಾರು?

ಕವಡೆಗೆ ಪಕ್ಷಪಾತವಿದೆ. ಒಂದು ಬದಿ ಉಬ್ಬು, ಇನ್ನೊಂದು ಬದಿ ಸೀಳು. ನೂರು ಸಲ ಎಸೆದರೆ ಐವತ್ತೈವತ್ತು ಬೀಳುವ ಭರವಸೆಯಿಲ್ಲ. ನಮ್ಮ ಸಿಂಗಟಾಲೂರಿನಲ್ಲಿ ಕವಡೆ ಆಡುವವರಿಗೆ ಅದರ ಚಿಂತೆಯಿಲ್ಲ, ಕವಡೆ ಎಲ್ಲರಿಗೂ ಒಂದೇ. ಯಾದೃಚ್ಛಿಕ ಸಂಖ್ಯೆಗಳ ಮೇಲೆ, ಅಂದರೆ ಯಾರೂ ಮುಂಚಿತವಾಗಿ ಊಹಿಸಲಾಗದ ಸಂಖ್ಯೆಗಳ ಮೇಲೆ, ಪಿಎಚ್‌.ಡಿ ಮಾಡುತ್ತಿರುವ ನನಗೆ ಅಷ್ಟು ಸಾಲದು.

ಕಂಪ್ಯೂಟರ್ ಸೂತ್ರ ಹಾಕಿ ಹುಟ್ಟಿಸುವ ಸಂಖ್ಯೆಗಳಿಗೆ ಒಂದು ಬೀಜಸಂಖ್ಯೆ ಇರುತ್ತದೆ. ಸೂತ್ರ, ಬೀಜ ಎರಡೂ ಗೊತ್ತಾದರೆ ಮುಂದಿನದೆಲ್ಲ ಗೊತ್ತು. ಬ್ಯಾಂಕಿನ ಗುಪ್ತ ಕೀಲಿಯೂ ಬಯಲು. ಅದಕ್ಕೇ ಭೌತಿಕ ಮೂಲಗಳ ಮೊರೆ: ರೆಸಿಸ್ಟರಿನೊಳಗಿನ ಶಾಖದ ಗದ್ದಲ, ವಿಕಿರಣ ಧಾತುವಿನ ಕ್ಷಯ, ಅರೆಪಾರಕ ಕನ್ನಡಿಗೆ ಬಡಿಯುವ ಒಂಟಿ ಫೋಟಾನ್. ಇವೂ ಕವಡೆಯಂತೆ ಒಂದು ಕಡೆ ವಾಲುವುದುಂಟು. ಅದಕ್ಕೆ ಜಾನ್ ವಾನ್ ನ್ಯೂಮನ್ 1951ರಲ್ಲಿ ಒಂದು ಉಪಾಯ ಹೇಳಿದ. ಎರಡೆರಡು ಸಲ ಎಸೆಯಿರಿ. ಎರಡೂ ಒಂದೇ ಥರ ಬಿದ್ದರೆ ಬಿಟ್ಟುಬಿಡಿ, ಬೇರೆಯಾದರೆ ಮೊದಲನೆಯದನ್ನು ಬರೆದುಕೊಳ್ಳಿ. ಕವಡೆ ನೂರಕ್ಕೆ 60 ಸಲ ಬಾಯಿ ಮೇಲಾಗಿ ಬೀಳುವುದಾದರೆ, ನೂರು ಜೋಡಿಗಳಲ್ಲಿ ಸರಾಸರಿ 'ಮೇಲೆ-ಕೆಳಗೆ' 24, 'ಕೆಳಗೆ-ಮೇಲೆ' 24. ಸಮಸಮ! ಉಳಿದ 52 ಜೋಡಿ ದಂಡ. ಒಂದು ಎಸೆತಕ್ಕೂ ಇನ್ನೊಂದಕ್ಕೂ ನಂಟಿರಬಾರದು, ಅಷ್ಟೇ.

ನಮ್ಮ ಮನೆಯ ಜಗಳ ಮಾತ್ರ ಇದರಿಂದ ಬಗೆಹರಿಯುವಂಥದ್ದಲ್ಲ. ಅಜ್ಜನ ಹೊಲ ಪಾಲಾದಾಗ ಸಣ್ಣ ಹುಡುಗಿಯೊಬ್ಬಳ ಕೈಯಿಂದ ಚೀಟಿ ಎತ್ತಿಸಿದರಂತೆ. ಅಪ್ಪನಿಗೆ ಎರಿ ಹೊಲ ಬಂತು, ಕಾಕಾನಿಗೆ ಮಸಾರಿ. ನನ್ನ ಓದು ನಡೆದದ್ದು ಆ ಎರಿಯ ಕಡಲೆ ಮಾರಿದ ದುಡ್ಡಿನಲ್ಲಿ. ಕಾಕಾ ಹುಡುಗಿಯನ್ನು ಎಂದೂ ದೂರಿಲ್ಲ. ಅವರದು ಇವತ್ತಿಗೂ ಒಂದೇ ಪ್ರಶ್ನೆ: "ಚೀಟಿ ಮಡಚಿದವ್ರು ಯಾರು?"

ಸಂಶೋಧನೆಯಲ್ಲೂ ಕಾಡುವುದು ಅದೇ. ಯಂತ್ರ ಮಾರಿದವನು ಮೊದಲೇ ತಯಾರಿಸಿದ ಉದ್ದನೆಯ ಪಟ್ಟಿಯನ್ನು ಒಳಗಿಟ್ಟು ಒಂದೊಂದೇ ಅಂಕಿ ಹೊರಬಿಟ್ಟರೂ ಸಂಖ್ಯಾಶಾಸ್ತ್ರದ ಪರೀಕ್ಷೆಗಳಲ್ಲಿ ಪಾಸಾಗಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಪ್ರಯೋಗ ಕೈಹಾಕಿದ್ದು ಇಲ್ಲಿಗೇ. ಒಂಟಿ ಫೋಟಾನುಗಳನ್ನು ಬೇರೆಬೇರೆ ಕ್ಷಣಗಳಲ್ಲಿ ಅಳೆದು, ಫಲಿತಾಂಶಗಳ ನಂಟನ್ನು ಲೆಗೆಟ್-ಗಾರ್ಗ್ ಅಸಮತೆಗೆ ಒಡ್ಡುತ್ತಾರೆ. ಉತ್ತರ ಮೊದಲೇ ನಿಗದಿಯಾಗಿದ್ದು, ಒಂದು ಅಳತೆ ಮುಂದಿನದನ್ನು ಕದಡದಿದ್ದರೆ, ಅದರ ಸರಳ ರೂಪದಲ್ಲಿ ಮೊತ್ತ 1 ದಾಟುವಂತಿಲ್ಲ. ಕ್ವಾಂಟಂ ಲೆಕ್ಕದಲ್ಲಿ 1.5ರವರೆಗೂ ಹೋಗಬಹುದು. ಕದಡಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೂ 1 ದಾಟಿತೆಂದರೆ, ಚೀಟಿಯಲ್ಲಿ ಮೊದಲೇ ಏನೂ ಬರೆದಿರಲಿಲ್ಲ. ಹೀಗೆ ಅವರು 9 ಲಕ್ಷಕ್ಕೂ ಹೆಚ್ಚು ಬಿಟ್‌ಗಳನ್ನು ಪಡೆದರು.

ದೀಪಾವಳಿಗೆ ಊರಿಗೆ ಹೋದಾಗ ಕಾಕಾನಿಗೆ ಇದನ್ನು ವಿವರಿಸಿದೆ. ಪೂರಾ ಕೇಳಿ, "ಅಳದವ್ರು ಯಾರು?" ಅಂದರು. ಅಳೆಯುವ ಉಪಕರಣವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ನನ್ನ ಪ್ರಬಂಧದ ಮೂರನೇ ಅಧ್ಯಾಯ. ಇನ್ನೂ ಮುಗಿದಿಲ್ಲ.