ಅದ್ರಾಗ ಜೋಕ್ ಎಲ್ಲೈತಿ?

ಕ್ಯಾಂಪಸ್ ರೇಡಿಯೋಗೆ 15 ನಿಮಿಷದ ಕಾರ್ಯಕ್ರಮ ಮಾಡ್ಬೇಕಿತ್ತು. ವಿಷಯ: ಒಂದು ಸೀಮೆಯ ನಗೆ ಟಿವಿಯಿಂದ ಇಡೀ ರಾಜ್ಯಕ್ಕೆ ತಲುಪಿದ್ದು ಹೇಗೆ? ಉದಾಹರಣೆಗೆ ತಡಕಾಡಬೇಕಿರಲಿಲ್ಲ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಇತ್ತಲ್ಲ. ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಹೆಸರಲ್ಲೇ ಊರಿದೆ. ಬೇರೆ ಬೇರೆ ಸೀಮೆಯ ಕನ್ನಡ ಒಂದೇ ವೇದಿಕೆ ಹತ್ತಿತು.

ಆದ್ರೆ ರೇಡಿಯೋದಲ್ಲಿ ಮುಖ ಕಾಣಲ್ಲ. ವೇಷ, ಕಣ್ಸನ್ನೆ, ಬಿದ್ದು ಏಳೋದು ಎಲ್ಲ ಹೋಗಿ ಮಾತಷ್ಟೇ ಉಳಿಯುತ್ತೆ. ಯಾವ ತುಣುಕು ಹಾಕೋದು ಅಂತ ಚರ್ಚೆ ನಡೆದಾಗ ಬಾಗಲಕೋಟೆಯ ಗೆಳೆಯ ಕೇಳಿದ: “ನಾ ಸುಮ್ನ ‘ಊಟ ಆತೇನ್ರಿ’ ಅಂದ್ರೂ ನಗ್ತೀರಲ್ಲ, ಅದ್ರಾಗ ಜೋಕ್ ಎಲ್ಲೈತಿ?”

ಯಾರ ಹತ್ರಾನೂ ಉತ್ತರ ಇರಲಿಲ್ಲ. ಒಂದೂರಿನ ಹಾಸ್ಯ ಕೇಳಿ ನಾವು ನಗೋದು ಎರಡು ಥರ. ಆ ಜನರ ಚುರುಕುತನಕ್ಕೆ ನಗ್ತೀವಿ, ಇಲ್ಲಾ ಅವರು ಮಾತಾಡೋ ರಾಗಕ್ಕೆ ನಗ್ತೀವಿ. ರಾಗಕ್ಕೆ ನಕ್ಕಾಗ ಮಾತು ನಮಗೆ ತಲುಪಿರೋದೇ ಇಲ್ಲ.

ಹಾಗಾಗಿ ಒಂದು ನಿಯಮ ಮಾಡ್ಕೊಂಡ್ವಿ: ಆ ಮಾತಾಡೋ ಊರಲ್ಲೂ ನಗು ಬರಿಸೋ ತುಣುಕಿಗೆ ಮಾತ್ರ ಜಾಗ. ನಿರೂಪಣೆ ಬಾಗಲಕೋಟೆಯವನದ್ದೇ. ಜೋಕಿಗೂ ಅದೇ ಕನ್ನಡ, ಇಸವಿ-ಮಾಹಿತಿಗೂ ಅದೇ ಕನ್ನಡ.