ಬಾಸ್ಟನ್ನಿನ ಕಂಚಿನ ದಂಡು

ಅಮೆರಿಕದ ಬಾಸ್ಟನ್ ನಗರದಲ್ಲಿ, ಚಿನ್ನದ ಗುಮ್ಮಟದ ರಾಜ್ಯಭವನಕ್ಕೆ ಎದುರಾಗಿ, ಬೀಕನ್ ಬೀದಿಯ ಅಂಚಿನಲ್ಲಿ ಕಂಚಿನ ದಂಡೊಂದು ನಡೆದಿರುವುದು. ಕುದುರೆಯ ಮೇಲೆ ಕರ್ನಲ್ ಷಾ. ಅವನ ಮಗ್ಗುಲಲ್ಲಿ ಬಂದೂಕು ಹೊತ್ತ ಕಪ್ಪು ಜನಾಂಗದ ಯೋಧರು. ಅಂತರ್ಯುದ್ಧದಲ್ಲಿ, 1863ನೆಯ ಇಸವಿಯ ಜುಲೈ ತಿಂಗಳಲ್ಲಿ, ವ್ಯಾಗ್ನರ್ ಕೋಟೆಯೆದುರು ಷಾನೂ ಅವನ ಪಡೆಯ ಅನೇಕರೂ ಮಡಿದರು.

ಇದನ್ನು ನಿರ್ಮಿಸಿದ ಅಗಸ್ಟಸ್ ಸೇಂಟ್-ಗಾಡೆನ್ಸನು ಹೊರನಾಡಿನಿಂದ ಬಂದವನು. ತಂದೆ ಫ್ರಾನ್ಸಿನವನು, ಪಾದರಕ್ಷೆ ಹೊಲಿಯುವ ಕಸಬಿನವನು; ತಾಯಿ ಐರ್ಲೆಂಡಿನವಳು. 1848ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಹಸುಗೂಸನ್ನೆತ್ತಿಕೊಂಡು ಅವರು ಕಡಲು ದಾಟಿದರು. ಹದಿಮೂರನೆಯ ವಯಸ್ಸಿಗೇ ಬಾಲಕನು ಕಲ್ಲಿನಲ್ಲಿ ಕಿರುಚಿತ್ರ ಕೊರೆಯುವವನ ಬಳಿ ಕೆಲಸಕ್ಕೆ ಸೇರಿದನು. ನ್ಯೂಯಾರ್ಕಿನಲ್ಲಿ 1881ರಲ್ಲಿ ಅನಾವರಣಗೊಂಡ ನೌಕಾಧಿಪತಿ ಫ್ಯಾರಗಟ್ಟನ ಪ್ರತಿಮೆಯು ಅವನಿಗೆ ಕೀರ್ತಿ ತಂದಿತು.

ಷಾನನ್ನೊಬ್ಬನನ್ನೇ ಅಶ್ವಾರೂಢನಾಗಿ ತೋರಿಸಬೇಕೆಂಬುದು ಶಿಲ್ಪಿಯ ಮೊದಲ ಎಣಿಕೆ. ಷಾನ ಮನೆಯವರು ಅದನ್ನು ಒಪ್ಪಲಿಲ್ಲ. ಆದುದರಿಂದ ಸೈನಿಕರೂ ಜೊತೆಗೂಡಿದರು. ಕಪ್ಪು ಜನಾಂಗದವರನ್ನೇ ಎದುರಿಗೆ ಕೂರಿಸಿಕೊಂಡು, ಒಬ್ಬನಂತೆ ಇನ್ನೊಬ್ಬನಿರದ ಹಾಗೆ ಆತನು ಮುಖಗಳನ್ನು ತಿದ್ದಿದನು. 1884ರಲ್ಲಿ ವಹಿಸಿಕೊಂಡ ಕಾರ್ಯವು 1897ರಲ್ಲಿ ಮುಗಿಯಿತು.

ಆದರೆ ಅಂದು ಕೆತ್ತಿದುದು ಮಡಿದ ಅಧಿಕಾರಿಗಳ ಹೆಸರುಗಳನ್ನು ಮಾತ್ರ. ಸೈನಿಕರಲ್ಲಿ 64 ಮಂದಿಯ ಹೆಸರುಗಳು ಕಲ್ಲಿನ ಹಿಂಬದಿಯಲ್ಲಿ ಸೇರಿದುದು 1982ರಲ್ಲಿ. ಅಲ್ಲಿಗೆ ಹೋಗುವ ವಾಚಕರು ಕಂಚಿನ ಮುಖಗಳನ್ನು ಕಂಡಷ್ಟಕ್ಕೇ ಹಿಂದಿರುಗದೆ, ಹಿಂದಕ್ಕೂ ನಡೆದು ಆ ಹೆಸರುಗಳನ್ನೂ ಓದಿ ಬರಬೇಕು.