ಖಾತೆಯಲ್ಲಿ ಉಳಿದ ರಜೆ

ಕೇಂದ್ರ ಸರ್ಕಾರದ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಉಂಟು. ಜನವರಿ ಒಂದರಂದು 15, ಜುಲೈ ಒಂದರಂದು 15 ದಿನಗಳು ಖಾತೆಗೆ ಜಮೆಯಾಗುತ್ತವೆ. ಬಳಸದೆ ಉಳಿಸಿದರೆ 300 ದಿನಗಳವರೆಗೆ ಕೂಡಿಡಬಹುದು. ನಿವೃತ್ತಿಯಾದಾಗ ಅದು ಹಣವಾಗಿ ಕೈಸೇರುತ್ತದೆ. ಒಂದೇ ಇಲಾಖೆಯಲ್ಲಿ ದುಡಿಯುವ ಗಂಡಹೆಂಡಿರಾದ ನಾವು ಮುಂಬಯಿಗೆ ಬಂದಂದಿನಿಂದ ಈ 300ರ ಗುರಿಯನ್ನು ವ್ರತದಂತೆ ಪಾಲಿಸಿದೆವು. ಜ್ವರ ಬಂದರೆ ಸಾಂದರ್ಭಿಕ ರಜೆಯಲ್ಲೇ ಸುಧಾರಿಸಿಕೊಂಡೆವು. ಶನಿವಾರಗಳಂದು ಬಾಕಿ ಕಡತಗಳು ಮನೆಗೆ ಬಂದವು. ಭಾನುವಾರವಾದರೂ ಬಿಡುವಿತ್ತೇ ಎಂದರೆ, ಅದೂ ಇಲ್ಲ. ಗಾಯನವೃಂದದ ಅಭ್ಯಾಸ, ಭಾನುವಾರದ ಶಾಲೆ, ಸಭೆಯ ಲೆಕ್ಕಪತ್ರ, ಕಟ್ಟಡ ಸಮಿತಿ. ದೇವರ ಕೆಲಸವೆಂದ ಮೇಲೆ ದಣಿವೆನ್ನುವುದು ನಾಚಿಕೆಯ ಮಾತು ಎಂದು ನಂಬಿದ್ದೆವು.

ಧಾರವಾಡದಲ್ಲಿದ್ದ ಅವ್ವ (ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ) ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಒಂದು ವಾರ ಮುಂಚೆ ಬನ್ನಿರೆಂದು ಕರೆಯುತ್ತಿದ್ದರು. ಕರ್ಚಿಕಾಯಿ ಮಾಡಲು ಕೈ ಬೇಕಿರಲಿಲ್ಲ, ಜೊತೆ ಬೇಕಿತ್ತು. ನಾವು ಹಬ್ಬದ ಹಿಂದಿನ ರಾತ್ರಿ ಬಸ್ಸಿಳಿದು, ಮೂರನೆಯ ದಿನ ಹೊರಟುಬಿಡುತ್ತಿದ್ದೆವು. ಒಮ್ಮೆ ಅವ್ವ, “ಜನಾ ರೊಕ್ಕ ಎಣಸ್ತಾರ, ನೀವು ರಜಾ ಎಣಸ್ತೀರಲ್ಲ” ಎಂದರು. ನಾವು ನಕ್ಕೆವು. ಅದರ ಮುಂದಿನ ವರ್ಷದ ಮಳೆಗಾಲದಲ್ಲಿ, ನಿದ್ದೆಯಲ್ಲಿಯೇ, ಅವ್ವ ತೀರಿಕೊಂಡರು. ಮಣ್ಣು ಮಾಡಿ ಹಿಂದಿರುಗಿದ ಮೇಲೆ ರಜೆಯ ಖಾತೆ ನೋಡಿದೆವು. ಒಬ್ಬರದು 281, ಇನ್ನೊಬ್ಬರದು 264.

ವಿಮೋಚನಕಾಂಡದಲ್ಲಿ ಮನ್ನದ ಕಥೆಯಿದೆ. ಐಗುಪ್ತದ ದಾಸ್ಯದಿಂದ ಹೊರಬಂದ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದಿನದಿನವೂ ಆಕಾಶದಿಂದ ಆಹಾರ ದೊರೆಯುತ್ತದೆ. ಅಂದಿಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕೆಂಬುದು ಕಟ್ಟಳೆ. ಕೆಲವರು ಮರುದಿನಕ್ಕೂ ಉಳಿಸಿಟ್ಟರು. ಅದು ಹುಳಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು ದೊರೆಯುತ್ತದೆ, ಆ ದಿನ ಉಳಿಸಿದ್ದು ಕೆಡುವುದಿಲ್ಲ, ಏಕೆಂದರೆ ಏಳನೆಯ ದಿನ ವಿಶ್ರಾಂತಿ. ಬಾಲ್ಯದಿಂದ ಕೇಳಿದ ಕಥೆ. ಭಾನುವಾರದ ಶಾಲೆಯಲ್ಲಿ ನಾವೇ ಮಕ್ಕಳಿಗೆ ಹೇಳಿದ ಕಥೆ. ಆ ಎರಡು ಅಂಕಿಗಳನ್ನು ನೋಡುತ್ತ ಕುಳಿತ ದಿನ ನಮ್ಮ ಮೂಗಿಗೆ ಆ ನಾತ ಬಡಿಯಿತು.

ಬಳಲಿಕೆ ದುಃಖದ ವೇಷದಲ್ಲಿ ಬಂದದ್ದರಿಂದ ನಾವು ಅದನ್ನು ಬೇಗ ಗುರುತಿಸಲಿಲ್ಲ. ಕಡತ ತೆರೆದರೆ ಅಕ್ಷರಗಳು ಅರ್ಥವಾಗುತ್ತಿರಲಿಲ್ಲ. ಕೀರ್ತನೆ ಹಾಡುವಾಗ ಬಾಯಿ ಹಾಡುತ್ತಿತ್ತು, ಅಷ್ಟೆ. ಪ್ರಾರ್ಥನೆ ಹೆಚ್ಚಿಸಿರೆಂದು ಹಲವರು ಹೇಳಿದರು. ನಮ್ಮ ಸಭಾಪಾಲಕರು ಮಾತ್ರ ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿ ಬನ್ನಿರೆಂದರು. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಮರುಭೂಮಿಗೆ ಓಡುತ್ತಾನೆ, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ, ಹಾಗೆಯೇ ನಿದ್ರಿಸುತ್ತಾನೆ. ದೇವದೂತ ಬಂದು ಅವನನ್ನು ತಟ್ಟಿ ಎಬ್ಬಿಸುತ್ತಾನೆ. ಅಲ್ಲಿ ಬಯ್ಗುಳವಿಲ್ಲ, ಉಪದೇಶವಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಬಂದು ಉಣಿಸುತ್ತಾನೆ. ದೇವರ ಪ್ರಶ್ನೆ ಬರುವುದು ಅನಂತರ, ನಲವತ್ತು ದಿನ ನಡೆದು ಹೋರೇಬಿಗೆ ಮುಟ್ಟಿದ ಮೇಲೆ. ಮೊದಲು ಊಟ, ನಿದ್ದೆ. ಅವ್ವನ ಕ್ರಮವೂ ಇದೇ ಆಗಿತ್ತು.

ಎಂ.ಎ. ತರಗತಿಯಲ್ಲಿ ಜಾರ್ಜ್ ಹರ್ಬರ್ಟನ ‘ದಿ ಪುಲ್ಲಿ’ ಕವಿತೆ ಪಠ್ಯವಾಗಿತ್ತು. 1633ರಲ್ಲಿ, ಕವಿಯ ಮರಣಾನಂತರ, ಅಚ್ಚಾದದ್ದು. ದೇವರು ಮನುಷ್ಯನಿಗೆ ಎಲ್ಲ ವರಗಳನ್ನೂ ಕೊಟ್ಟು ವಿಶ್ರಾಂತಿಯೊಂದನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾನೆ. ಪ್ರೀತಿ ಕರೆತರದಿದ್ದರೆ ದಣಿವಾದರೂ ಮನುಷ್ಯನನ್ನು ತನ್ನ ಬಳಿಗೆ ತರಲೆಂದು. ಅಂದು ಶ್ಲೇಷೆಯ ಬಗ್ಗೆ ಟಿಪ್ಪಣಿ ಬರೆದು ಅಂಕ ಗಿಟ್ಟಿಸಿದ್ದಷ್ಟೇ ಲಾಭ.

ನಾವಿರುವ ಈ ಊರಿನಲ್ಲಿ ಭಾನುವಾರ ತಾನಾಗಿ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಗಿರಣಿ ಕಾರ್ಮಿಕರಿಗೆ ವಾರದ ರಜೆ ದೊರೆಯಿತು. ಧರ್ಮೋಪದೇಶಕಾಂಡದ ಸಬ್ಬತ್ ಆಜ್ಞೆಯೂ ದಾಸದಾಸಿಯರು, ಪರದೇಶಿ, ಎತ್ತು, ಕತ್ತೆಗಳನ್ನು ಹೆಸರಿಸಿ ವಿಶ್ರಾಂತಿ ಕೊಡುತ್ತದೆ. ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರೆಂದು ನೆನಪಿಸುತ್ತದೆ. ಕತ್ತೆಗೂ ಸಲ್ಲುವ ಹಕ್ಕನ್ನು ನಾವು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೆವು.

ಕಟ್ಟಡ ಸಮಿತಿಗೆ ರಾಜೀನಾಮೆ ಕೊಟ್ಟೆವು. ಕೆಲವರು ಈಗಲೂ ಮುಖ ಕೊಟ್ಟು ಮಾತನಾಡುವುದಿಲ್ಲ. ಗಾಯನವೃಂದವನ್ನು ಬಿಡಲಾಗಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ.

ಕಳೆದ ನವೆಂಬರಿನಲ್ಲಿ ಇಬ್ಬರೂ ಹತ್ತು ದಿನಗಳ ಗಳಿಕೆ ರಜೆಗೆ ಅರ್ಜಿ ಹಾಕಿದೆವು. ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಸಾಲಿದೆ. ‘ವಿಶ್ರಾಂತಿ’ ಎಂದು ಬರೆದೆವು. ರಜೆಯ ವಿಭಾಗದ ಗುಮಾಸ್ತರು ಎರಡೂ ಅರ್ಜಿಗಳನ್ನು ಹಿಂದಿರುಗಿಸಿ, ಇಂಥ ಕಾರಣವನ್ನು ಮೇಲಿನವರು ಒಪ್ಪುವುದು ಕಷ್ಟ, ‘ಗೃಹಕೃತ್ಯ’ ಎಂದು ಬರೆಯಿರಿ ಎಂದರು. ತಿದ್ದಿ ಕೊಟ್ಟೆವು. ಧಾರವಾಡದಲ್ಲಿ ಬೀಗ ತೆಗೆದು, ಧೂಳು ಹೊಡೆದು, ಅವ್ವನ ಮಂಚವನ್ನು ಬಿಸಿಲಿಗೆ ಹಾಕಿದೆವು. ಆಮೇಲೆ ಎರಡು ದಿನ ಬರಿದೇ ಮಲಗಿದೆವು. ಎದುರುಮನೆಯ ಕಾಕು ರೊಟ್ಟಿ, ಬದನೆಕಾಯಿ ಎಣಗಾಯಿ ತಂದಿಟ್ಟು, ಎಬ್ಬಿಸದೆಯೇ ಹೋಗಿದ್ದರು.